ಫೋಟೋಗ್ರಫಿ ಉತ್ಸವಕ್ಕೆ ಗುಂಪಾಗಿ ಅಧ್ಯಯನ ಭೇಟಿ: ದೂರಶಿಕ್ಷಣದವರು ಹೇಗೆ ಮಾಡಿದರೆ ಸಾರ್ಥಕ?

ಹೊರಗಣ್ಣು
ನಾವು ದೂರಶಿಕ್ಷಣದಲ್ಲಿ ಫೋಟೋಗ್ರಫಿ ಪದವಿ ಓದುತ್ತಿರುವ ಒಂದು ಸಣ್ಣ ಗುಂಪು. ಬೇರೆ ಬೇರೆ ಊರು, ಬೇರೆ ಬೇರೆ ವಯಸ್ಸು. ಹೆಚ್ಚಿನವರಿಗೆ ಕೆಲಸ, ಮನೆ, ಮಕ್ಕಳು ಎಲ್ಲ ಇದೆ. ಇಲ್ಲಿಯವರೆಗೆ ಪರಿಚಯ ಅಂದರೆ ಪರದೆಯ ಮೇಲಿನ ಮುಖ ಅಷ್ಟೇ. ಈ ಸಲ ಒಂದು ಫೋಟೋ ಉತ್ಸವಕ್ಕೆ ಒಟ್ಟಿಗೆ ಹೋಗೋಣ ಅಂತ ಮಾತು ಶುರುವಾಗಿದೆ, ನಮ್ಮ ಟ್ಯೂಟರ್ ಒಬ್ಬರು ಜೊತೆಗೆ ಬರಲು ಒಪ್ಪಿದ್ದಾರೆ.

ಗುಂಪಿನೊಳಗೇ ಎರಡು ಮಾತು. ಚಿತ್ರಗಳೆಲ್ಲ ನೆಟ್‌ನಲ್ಲೇ ಸಿಗುತ್ತವೆ, ಕಲಾವಿದರ ಮಾತೂ ವಿಡಿಯೋದಲ್ಲಿ ಸಿಗುತ್ತೆ, ಅಷ್ಟು ಖರ್ಚು ಯಾಕೆ ಅನ್ನೋರು ಕೆಲವರು. ಹೋದ ಮೇಲೆ ಒಂದನ್ನೂ ಬಿಡಬಾರದು, ಬೆಳಗ್ಗೆಯಿಂದ ರಾತ್ರಿವರೆಗೆ ಪಟ್ಟಿ ಹಾಕಿಕೊಂಡು ಸುತ್ತೋಣ ಅನ್ನೋರು ಇನ್ನು ಕೆಲವರು. ನನಗೆ ಹೋಗಬೇಕು ಅಂತಿದೆ, ಆದರೆ ಓಡಾಡಿ ಸುಸ್ತಾಗಿ ಬರುವುದಕ್ಕೆ ಮನಸ್ಸಿಲ್ಲ. ಹೋಗಿಬಂದವರು, ಕರೆದುಕೊಂಡು ಹೋದವರು ಯಾರಾದರೂ ಇದ್ದರೆ ಹೇಳಿ. ಎಷ್ಟು ಜನ ಇದ್ದರೆ ಚೆನ್ನ, ದಿನಕ್ಕೆ ಎಷ್ಟು ಪ್ರದರ್ಶನ, ಮುಂಚೆ ಏನು ಓದಿಕೊಂಡು ಹೋಗಬೇಕು?

ಕತ್ತಲೆಕೋಣೆ
ನೆಟ್‌ನಲ್ಲಿ ಎಲ್ಲ ಸಿಗುತ್ತೆ ಅನ್ನುವವರಿಗೆ ಮೊದಲು ಉತ್ತರ ಹೇಳಿಬಿಡ್ತೀನಿ. ಜರ್ಮನಿಯ ಛಾಯಾಗ್ರಾಹಕ ಆಂಡ್ರಿಯಾಸ್ ಗುರ್ಸ್ಕಿಯ 'ರೈನ್ 2' ಅನ್ನುವ 1999ರ ಚಿತ್ರ ಇದೆಯಲ್ಲ, ಅದು ಹೆಚ್ಚುಕಡಿಮೆ ಎರಡು ಮೀಟರ್ ಎತ್ತರ, ಮೂರೂವರೆ ಮೀಟರಿಗಿಂತ ಅಗಲ. ಇನ್ನೊಬ್ಬ ಛಾಯಾಗ್ರಾಹಕ ಆಂಡ್ರೆ ಕೆರ್ಟೆಸ್ 1925ರಲ್ಲಿ ಪ್ಯಾರಿಸ್ಸಿಗೆ ಹೋದ ಮೇಲಿನ ಕೆಲವು ವರ್ಷ ಪೋಸ್ಟ್‌ಕಾರ್ಡ್ ಕಾಗದದ ಮೇಲೆ ಪ್ರಿಂಟ್ ಹಾಕುತ್ತಿದ್ದ, ಅಂಗೈಯಲ್ಲಿ ಹಿಡಿಸುವಂಥವು. ಫೋನಿನಲ್ಲಿ ಇವೆರಡೂ ಒಂದೇ ಅಳತೆ! ಒಂದರ ಮುಂದೆ ನಿಂತರೆ ಹಿಂದಕ್ಕೆ ಹೆಜ್ಜೆ ಇಡಬೇಕು, ಇನ್ನೊಂದಕ್ಕೆ ಮೂಗು ತಾಗುವಷ್ಟು ಬಗ್ಗಬೇಕು. ಹೀಗೆ ಮೈಯಿಂದ ನೋಡುವುದು ಪರದೆಯಲ್ಲಿ ಪೂರ್ತಿ ಹೋಗಿಬಿಡುತ್ತೆ. ಪ್ರಿಂಟಿನ ಅಳತೆ ಯಾಕೆ ಇಷ್ಟೇ ಇರಬೇಕು ಅಂತ ಅಸೈನ್‌ಮೆಂಟಿನಲ್ಲಿ ಕೇಳಿದಾಗ ದೂರಶಿಕ್ಷಣದ ಹುಡುಗರು ತಡವರಿಸುವುದು ಇದಕ್ಕೇ. ಅವರಿಗೆ ತಮ್ಮ ಚಿತ್ರಗಳು ಕೂಡ ಪರದೆಯ ಅಳತೆಯಲ್ಲೇ ಗೊತ್ತು.

ಹಳೆಯ ಡಗೆರೋಟೈಪ್ ಎಲ್ಲಾದರೂ ಇಟ್ಟಿದ್ದರೆ ತಪ್ಪಿಸಬೇಡಿ. 1839ರಲ್ಲಿ ಲೋಕಕ್ಕೆ ತಿಳಿದ ವಿಧಾನ ಅದು, ಬೆಳ್ಳಿ ಲೇಪಿಸಿದ ತಾಮ್ರದ ಹಾಳೆ. ಕನ್ನಡಿಯ ಹಾಗೆ ಹೊಳೆಯುತ್ತೆ. ಒಂದು ಕೋನದಲ್ಲಿ ನಿಂತರೆ ಮುಖ ಸರಿಯಾಗಿ ಕಾಣುತ್ತೆ, ಸ್ವಲ್ಪ ಪಕ್ಕಕ್ಕೆ ಸರಿದರೆ ಕಪ್ಪು ಬಿಳಿ ಅದಲುಬದಲಾಗಿ ನೆಗೆಟಿವ್ ಆಗುತ್ತೆ, ಇನ್ನೂ ಸರಿದರೆ ನಿಮ್ಮದೇ ಮುಖ ಕಾಣುತ್ತೆ. ಅದನ್ನು ಯಾವ ಜೆಪೆಗ್ ತೋರಿಸುತ್ತೆ ಹೇಳಿ.

ಒಂಟಿ ನಡಿಗೆ
ಕತ್ತಲೆಕೋಣೆಯವರು ಹೇಳಿದ್ದು ಪೂರ್ತಿ ಒಪ್ಪಿಗೆ. ಆದರೆ ಅದು ಪ್ರದರ್ಶನಕ್ಕೆ ಹೋಗಬೇಕು ಅನ್ನುವುದಕ್ಕೆ ಕಾರಣವಾಯಿತು, ಗುಂಪಾಗಿ ಹೋಗಬೇಕು ಅನ್ನುವುದಕ್ಕೆ ಕಾರಣ ಆಗಲಿಲ್ಲ. ನಾನೂ ದೂರಶಿಕ್ಷಣದಲ್ಲೇ ಓದಿದ್ದು. ಗುಂಪಿನಲ್ಲಿ ಹೋದಾಗಲೆಲ್ಲ ನೋಡಿದ್ದು ಇಷ್ಟು: ಇಬ್ಬರು ಮುಂದೆ ಹೋಗಿ ಬಾಗಿಲಲ್ಲಿ ಕಾಯುತ್ತಾರೆ, ಒಬ್ಬರು ಲೆನ್ಸಿನ ಬಗ್ಗೆ ಮಾತು ತೆಗೆಯುತ್ತಾರೆ, ಮುಂದಿನ ಜಾಗಕ್ಕೆ ಹೊತ್ತಾಯಿತು ಅಂತ ಇನ್ನೊಬ್ಬರು ಗಡಿಯಾರ ತೋರಿಸುತ್ತಾರೆ. ಒಂದು ಚಿತ್ರ ನಮ್ಮೊಳಗೆ ಇಳಿಯಬೇಕಾದರೆ ಅದರ ಜೊತೆ ಒಬ್ಬರೇ ನಿಲ್ಲಬೇಕು. ಫ್ರಾನ್ಸಿನ ಆರ್ಲ್ ಊರಲ್ಲಿ ನಡೆಯುವಂಥ ದೊಡ್ಡ ಫೋಟೋ ಉತ್ಸವದಲ್ಲಿ ಊರಿನ ತುಂಬ ಡಜನ್‌ಗಟ್ಟಲೆ ಪ್ರದರ್ಶನ ಇರುತ್ತೆ. ಅಲ್ಲಿ ಗುಂಪು ಕಟ್ಟಿಕೊಂಡು ಹೋದರೆ ಅರ್ಧ ಹೊತ್ತು ಜನರನ್ನು ಹುಡುಕುವುದರಲ್ಲೇ ಹೋಗುತ್ತೆ.

ಮೂರನೇ ಬೆಂಚು
ನಾನು ಟ್ಯೂಟರ್. ದೂರಶಿಕ್ಷಣದ ವಿದ್ಯಾರ್ಥಿಗಳನ್ನು ಇಂಥ ಭೇಟಿಗಳಿಗೆ ಕರೆದುಕೊಂಡು ಹೋಗುವುದು ನನ್ನ ಕೆಲಸದ ಒಂದು ಭಾಗ. ಒಂಟಿ ನಡಿಗೆಯವರು ಎತ್ತಿದ ಪ್ರಶ್ನೆಯೇ ನಿಜವಾದ ಪ್ರಶ್ನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ದೂರಶಿಕ್ಷಣದವರಿಗೆ ಟ್ಯೂಟರ್ ಕೊರತೆ ಇಲ್ಲ. ಪ್ರತಿ ಅಸೈನ್‌ಮೆಂಟಿಗೂ ಪುಟಗಟ್ಟಲೆ ಅಭಿಪ್ರಾಯ ಬರೆದು ಕಳಿಸುತ್ತೇವೆ. ಅವರಿಗೆ ಇಲ್ಲದಿರುವುದು ಸಹಪಾಠಿಗಳು. ಕಲಾಶಾಲೆಯಲ್ಲಿ ಕೂತು ಕಲಿಯುವವರು ಅರ್ಧ ಕಲಿಯುವುದು ಪಕ್ಕದವರ ಮೇಜಿನಿಂದ. ಪಕ್ಕದವನು ಏನು ಕಿತ್ತುಹಾಕಿದ, ಯಾವ ಪ್ರಿಂಟನ್ನು ಮತ್ತೆ ಹಾಕಿದ, ಗೋಡೆಗೆ ಅಂಟಿಸಿದ ಮೇಲೆ ಎಲ್ಲರೂ ಸುತ್ತ ನಿಂತು ಏನಂದರು ಅನ್ನುವುದರಿಂದ. ಇದು ನಮ್ಮವರಿಗೆ ಸಿಗುವುದೇ ಇಲ್ಲ. ಇಂಗ್ಲೆಂಡಿನಲ್ಲಿ 1987ರಲ್ಲಿ ಮೈಕೆಲ್ ಯಂಗ್ ಓಪನ್ ಕಾಲೇಜ್ ಆಫ್ ದಿ ಆರ್ಟ್ಸ್ ಕಟ್ಟಿದರು, ಕಲೆಯನ್ನು ಮನೆಯಲ್ಲೇ ಕೂತು ಕಲಿಯುವವರಿಗಾಗಿ. ಅಲ್ಲೂ ಟ್ಯೂಟರ್ ಜೊತೆ ಪ್ರದರ್ಶನಗಳಿಗೆ ಹೋಗುವ ರೂಢಿ ಬೆಳೆಯಿತು. ಪಾಠ ಎಷ್ಟು ಚೆನ್ನಾಗಿದ್ದರೂ ಒಂದೇ ಗೋಡೆಯನ್ನು ನಾಲ್ಕು ಜನ ಒಟ್ಟಿಗೆ ನೋಡುವುದಕ್ಕೆ ಅಂಚೆಯಲ್ಲೋ ಪರದೆಯಲ್ಲೋ ಬದಲಿ ವ್ಯವಸ್ಥೆ ಇಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಒಂದು ಪ್ರದರ್ಶನದಲ್ಲಿ ಮನೆಯೊಂದರ ಖಾಲಿ ಕೋಣೆಗಳ ಚಿತ್ರಸರಣಿ ಇತ್ತು. ಯಾರೂ ಇಲ್ಲದ ಕೋಣೆಗಳು, ಕಿಟಕಿಯ ಬೆಳಕು. ಗೋಡೆಬರಹದಲ್ಲಿ ನೆನಪು, ಗೈರುಹಾಜರಿ ಅಂತೆಲ್ಲ ಇತ್ತು. ನಮ್ಮ ಮಾತೂ ಬೆಳಕು, ಕಂಪೋಸಿಷನ್ ಅಂತ ಸಾಗಿತ್ತು. ಗುಂಪಿನಲ್ಲಿ ನರ್ಸ್ ಒಬ್ಬರಿದ್ದರು. ಅವರು ಐದನೇ ಚಿತ್ರದ ಹತ್ತಿರ ಹೋಗಿ, ಮಂಚದ ಪಕ್ಕದ ಕಂಬಿ ತೋರಿಸಿ, "ಇದು ಬೀಳದ ಹಾಗೆ ಹಾಕುವ ಕಂಬಿ, ಮಡಚಿಟ್ಟಿದ್ದಾರೆ. ಹಾಸಿಗೆಯೂ ಗಾಳಿ ತುಂಬುವಂಥದ್ದು, ತುಂಬ ದಿನ ಮಲಗಿದವರಿಗೆ ಬೆನ್ನು ಹುಣ್ಣಾಗದಿರಲಿ ಅಂತ ಕೊಡುವುದು" ಅಂದರು. ಕೋಣೆಯಲ್ಲಿದ್ದವರೆಲ್ಲ ಸುಮ್ಮನಾದರು. ಮತ್ತೆ ಮೊದಲನೇ ಚಿತ್ರದಿಂದ ನೋಡುತ್ತ ಬಂದಾಗ ಬಾಗಿಲ ಹತ್ತಿರದ ಇಳಿಜಾರು ಹಲಗೆ ಕಂಡಿತು, ಕಿಟಕಿಯ ಮೇಲೆ ಸಾಲಾಗಿ ಇಟ್ಟ ಔಷಧಿ ಅಳತೆಯ ಲೋಟಗಳು ಕಂಡವು. ನಾನು ಹತ್ತಾರು ವರ್ಷದಿಂದ ಫೋಟೋಗ್ರಫಿ ಹೇಳಿಕೊಡುತ್ತಿರುವವನು, ಆದರೂ ಆ ಸರಣಿಯನ್ನು ಓದಿಕೊಟ್ಟವರು ಅವರು. ದೂರಶಿಕ್ಷಣದ ಗುಂಪಿನ ದೊಡ್ಡ ಆಸ್ತಿ ಇದೇ. ಇಲ್ಲಿ ನರ್ಸ್ ಇರುತ್ತಾರೆ, ಎಲೆಕ್ಟ್ರಿಷಿಯನ್ ಇರುತ್ತಾರೆ, ಲೆಕ್ಕ ಬರೆಯುವವರು, ನಿವೃತ್ತ ಮೇಷ್ಟ್ರು ಇರುತ್ತಾರೆ. ಇಪ್ಪತ್ತರ ಹರೆಯದವರೇ ತುಂಬಿದ ಕಾಲೇಜಿನ ಕ್ಲಾಸಿನಲ್ಲಿ ಇಷ್ಟು ಬಗೆಯ ಕಣ್ಣು ಒಟ್ಟಿಗೆ ಸಿಗುವುದು ಅಪರೂಪ.

ಹಾಗಂತ ಒಂಟಿ ನಡಿಗೆಯವರು ಹೇಳಿದ ಗಲಾಟೆ ಸುಳ್ಳಲ್ಲ. ಅದಕ್ಕೆ ನಾನು ಮಾಡುವುದು ಇಷ್ಟು. ದಿನಕ್ಕೆ ಮೂರು ಪ್ರದರ್ಶನ, ಅದಕ್ಕಿಂತ ಹೆಚ್ಚಿಲ್ಲ. ಎಂಟು ಜನ ಇದ್ದರೆ ಚೆನ್ನ, ಹನ್ನೆರಡು ದಾಟಿದರೆ ಎರಡು ಗುಂಪು. ಒಳಗೆ ಹೋದ ಮೇಲೆ ಮೊದಲ ಇಪ್ಪತ್ತು ನಿಮಿಷ ಯಾರೂ ಮಾತಾಡುವ ಹಾಗಿಲ್ಲ. ಒಬ್ಬೊಬ್ಬರೇ ಸುತ್ತಿ, ಒಂದೇ ಒಂದು ಚಿತ್ರ ಆರಿಸಿಕೊಂಡು, ಅದರಲ್ಲಿ ಕಾಣುವುದನ್ನು ಮಾತ್ರ ಬರೆಯಬೇಕು. ಚೆನ್ನಾಗಿದೆ, ಇಷ್ಟವಾಯಿತು, ಮನಕಲಕುತ್ತದೆ ಅನ್ನುವ ಪದಗಳಿಗೆ ಆಗ ಜಾಗವಿಲ್ಲ. ಆಮೇಲೆ ಒಬ್ಬರು ಆರಿಸಿದ ಚಿತ್ರದ ಮುಂದೆ ಎಲ್ಲರೂ ನಿಲ್ಲುತ್ತೇವೆ. ಅವರು ಮೊದಲು ಮಾತಾಡುತ್ತಾರೆ, ಮಿಕ್ಕವರು ಸೇರಿಸುತ್ತಾರೆ, ಟ್ಯೂಟರ್ ಮಾತಾಡುವುದು ಎಲ್ಲರಾದ ಮೇಲೆ. ನಾನು ಬಾಯಿ ಬಿಟ್ಟ ತಕ್ಷಣ ಎಲ್ಲರ ಪೆನ್ನೂ ಓಡಲು ಶುರುವಾಗುತ್ತೆ, ಕಣ್ಣು ನಿಂತುಬಿಡುತ್ತೆ. ಅದಕ್ಕೇ ಆ ಕ್ರಮ.

ಗೋಡೆಮೊಳೆ
ಪ್ರದರ್ಶನ ಕಟ್ಟುವುದು ನನ್ನ ವೃತ್ತಿ. ಪ್ರಿಂಟ್ ತೂಗುಹಾಕುವುದು, ಬೆಳಕು ಹೊಂದಿಸುವುದು, ಮುಗಿದ ಮೇಲೆ ಬಿಚ್ಚಿ ಪೆಟ್ಟಿಗೆಗೆ ತುಂಬುವುದು. ವಿದ್ಯಾರ್ಥಿಗಳು ಬರುತ್ತಾರೆ, ಚಿತ್ರ ನೋಡುತ್ತಾರೆ, ಹೋಗುತ್ತಾರೆ. ಗೋಡೆಯನ್ನು ಯಾರೂ ನೋಡುವುದಿಲ್ಲ ಅನ್ನುವುದು ನನ್ನ ಸಂಕಟ. ನಾಳೆ ನಿಮ್ಮದೇ ಪ್ರದರ್ಶನ ಹಾಕಬೇಕಾದಾಗ ಬೇಕಾಗುವುದು ಅದೇ ತಾನೇ?

ಸಾಮಾನ್ಯವಾಗಿ ಚಿತ್ರದ ನಡುಮಧ್ಯ ನೆಲದಿಂದ ಸುಮಾರು 150 ಸೆಂ.ಮೀ. ಎತ್ತರಕ್ಕೆ ಬರುವ ಹಾಗೆ ಹಾಕುತ್ತೇವೆ, ಕಣ್ಣಿನ ಮಟ್ಟ ಅದು. ಎಲ್ಲಿ ಅದನ್ನು ಮುರಿದಿದ್ದಾರೆ ಅಂತ ನೋಡಿ. ಮೊಣಕಾಲ ಹತ್ತಿರ ಒಂದು ಚಿತ್ರ ಇದ್ದರೆ ಯಾರೋ ನೀವು ಬಗ್ಗಲಿ ಅಂತ ನಿರ್ಧಾರ ಮಾಡಿದ್ದಾರೆ. ಎರಡು ಚಿತ್ರದ ನಡುವಿನ ಖಾಲಿ ಜಾಗ ಎಲ್ಲ ಕಡೆ ಒಂದೇ ಇದೆಯಾ, ಒಂದು ಕಡೆ ಮಾತ್ರ ಜಾಸ್ತಿ ಇದೆಯಾ? ಜಾಸ್ತಿ ಇದ್ದ ಕಡೆ ಕತೆಯಲ್ಲಿ ಏನೋ ಬದಲಾಗಿರುತ್ತೆ. ಗಾಜು ಇದೆಯೋ ಇಲ್ಲವೋ, ಮ್ಯಾಟ್ ಕಾಗದವೋ ಹೊಳಪಿನದೋ, ಫ್ರೇಮ್ ಹಾಕಿದ್ದಾರೋ, ಬರೀ ಪಿನ್ ಚುಚ್ಚಿದ್ದಾರೋ, ಗೋಡೆಗೇ ವಾಲ್‌ಪೇಪರ್ ಥರ ಅಂಟಿಸಿದ್ದಾರೋ. ಇದು ಪ್ರತಿಯೊಂದೂ ದುಡ್ಡಿನ ಪ್ರಶ್ನೆಯೂ ಹೌದು, ಅರ್ಥದ ಪ್ರಶ್ನೆಯೂ ಹೌದು.

ಇನ್ನೊಂದು. ಹಳೆಯ ಪ್ರಿಂಟ್‌ಗಳ ಕೋಣೆ ಮಬ್ಬಾಗಿರುತ್ತೆ ಅಂತ ಬೈಯಬೇಡಿ. ಬೆಳಕಿಗೆ ಬೇಗ ಕೆಡುವಂಥವಕ್ಕೆ 50 ಲಕ್ಸ್ (ಬೆಳಕಿನ ಅಳತೆ) ಆಸುಪಾಸು ಮಾತ್ರ ಇಡುತ್ತಾರೆ. ಹೊರಗಿನ ಬಿಸಿಲಿನಿಂದ ಒಳಗೆ ಬಂದರೆ ಮೊದಲು ಏನೂ ಕಾಣುವುದಿಲ್ಲ. ಕೆಲವು ನಿಮಿಷ ನಿಲ್ಲಿ, ನೆರಳಿನ ಭಾಗಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಟ್ಯೂಟರ್ ಸಾರ್ ಹೇಳಿದ ಮಾತಿಲ್ಲದ ಇಪ್ಪತ್ತು ನಿಮಿಷ ಈ ಕಾರಣಕ್ಕೂ ಒಳ್ಳೆಯದು.

ಉತ್ಸವಗಳಲ್ಲಿ ಇನ್ನೊಂದು ಪಾಠ ಇದೆ, ಮ್ಯೂಸಿಯಮ್ಮಿನಲ್ಲಿ ಸಿಗದ್ದು. ಅಲ್ಲಿ ಜಾಗ ಇರುವುದು ಚಿತ್ರಕ್ಕಾಗಿ ಅಲ್ಲ. ಆರ್ಲ್‌ನಲ್ಲಿ ಹಳೆಯ ಚರ್ಚು, ಮಠದ ಅಂಗಳ, ರೈಲ್ವೆ ವರ್ಕ್‌ಶಾಪ್ ಆಗಿದ್ದ ಶೆಡ್ಡುಗಳು. ಜಪಾನಿನ ಕ್ಯೋಟೋದ ಕ್ಯೋಟೋಗ್ರಫಿ ಉತ್ಸವದಲ್ಲಿ ಹಳೆಯ ಮರದ ಮನೆಗಳು, ದೇವಾಲಯಗಳು. ಪಾರಂಪರಿಕ ಕಟ್ಟಡಕ್ಕೆ ಮೊಳೆ ಹೊಡೆಯುವ ಹಾಗಿಲ್ಲ. ಆಗ ನೆಲದ ಮೇಲೆ ನಿಲ್ಲುವ ಚೌಕಟ್ಟು ಕಟ್ಟಬೇಕು, ಮೇಲಿನಿಂದ ಇಳಿಬಿಡಬೇಕು, ಮೇಜಿನ ಮೇಲೆ ಮಲಗಿಸಬೇಕು. ಹಿಂದೆ ಹೋಗಿ ಅದನ್ನು ಹೇಗೆ ನಿಲ್ಲಿಸಿದ್ದಾರೆ ಅಂತ ನೋಡಿ. ನೋಡುತ್ತಿರುವವರನ್ನು ನಮ್ಮಂಥವರು ಯಾರೂ ಓಡಿಸುವುದಿಲ್ಲ, ಖುಷಿಯಿಂದ ಹೇಳಿಕೊಡುತ್ತೇವೆ.

ದೂರದವಳು
ಎಲ್ಲ ಓದಿದೆ. ಎಷ್ಟು ಚೆನ್ನಾಗಿ ಹೇಳಿದ್ದೀರಿ. ಆದರೂ ಒಂದು ಮಾತು ಹೇಳದೆ ಇರಲಾರೆ. ನಾನು ದೂರಶಿಕ್ಷಣ ಸೇರಿದ್ದೇ ಮನೆ ಬಿಟ್ಟು ಹೋಗಲಾಗದ ಕಾರಣಕ್ಕೆ. ಮನೆಯಲ್ಲಿ ನೋಡಿಕೊಳ್ಳಬೇಕಾದವರು ಇದ್ದಾರೆ, ಒಂದು ರಾತ್ರಿ ಹೊರಗಿರುವುದೂ ಆಗದು. ಇಂಥ ಭೇಟಿಯ ಮಾತು ಬಂದಾಗಲೆಲ್ಲ, ಹೋದವರು ಮುಂದಿನ ಚರ್ಚೆಯಲ್ಲಿ "ಅವತ್ತು ನೋಡಿದೆವಲ್ಲ" ಅಂತ ಶುರುಮಾಡುತ್ತಾರೆ, ನಾನು ಹೊರಗಿನವಳಾಗಿಬಿಡುತ್ತೇನೆ. ಹೋಗಿದ್ದರ ಬಗ್ಗೆ ಬರೆದರೆ ಅಂಕ ಅಂತೇನಾದರೂ ಇಟ್ಟರೆ ನಮ್ಮಂಥವರ ಗತಿ ಏನು? ದೂರ ಇರುವವರಿಗಾಗಿಯೇ ಮಾಡಿದ ಕೋರ್ಸಿನಲ್ಲಿ ಹತ್ತಿರ ಬಂದವರಿಗೆ ಮಾತ್ರ ಒಳ್ಳೆಯದು ಸಿಗುವುದು ನ್ಯಾಯವೇ?

ಮೂರನೇ ಬೆಂಚು
ಮೇಡಂ, ನ್ಯಾಯ ಅಲ್ಲ. ಅಂಕ ಇಡಲೇಬಾರದು, ಈ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಭೇಟಿ ಅನ್ನುವುದು ಐಚ್ಛಿಕವಾಗಿರಬೇಕು, ಅದರಿಂದ ಹುಟ್ಟಿದ್ದು ಮಾತ್ರ ಎಲ್ಲರಿಗೂ ಸಲ್ಲಬೇಕು.

ನಾವು ಮಾಡಿ ನೋಡಿದ್ದರಲ್ಲಿ ಒಂದು ಕ್ರಮ ಚೆನ್ನಾಗಿ ಕೈಹಿಡಿಯಿತು. ಬರುವ ಪ್ರತಿಯೊಬ್ಬರಿಗೂ ಬರಲಾಗದ ಒಬ್ಬರು ಜೊತೆಗಾರರು. ಭೇಟಿಯ ದಿನ ಸಂಜೆ ಹೋದವರು ಜೊತೆಗಾರರಿಗೆ ಫೋನ್ ಮಾಡಿ ಒಂದು ಚಿತ್ರವನ್ನು ಬಾಯಲ್ಲೇ ವಿವರಿಸಬೇಕು. ಚಿತ್ರ ಕಳಿಸುವ ಹಾಗಿಲ್ಲ. ಕೇಳುವವರು ಪ್ರಶ್ನೆ ಹಾಕುತ್ತಾರೆ: ಬೆಳಕು ಯಾವ ಕಡೆಯಿಂದ, ಆಳು ಎಲ್ಲಿ ನೋಡುತ್ತಿದ್ದಾನೆ, ಅಂಚಿನಲ್ಲಿ ಏನು ಕತ್ತರಿಸಿಹೋಗಿದೆ. ಅರ್ಧಕ್ಕರ್ಧ ಪ್ರಶ್ನೆಗೆ ಹೋದವರಿಗೇ ಉತ್ತರ ಗೊತ್ತಿರುವುದಿಲ್ಲ, ಮರುದಿನ ಮತ್ತೆ ಹೋಗಿ ನೋಡುತ್ತಾರೆ! ಮನೆಯಲ್ಲಿರುವವರ ಪ್ರಶ್ನೆ ಉತ್ಸವದಲ್ಲಿರುವವರ ಕಣ್ಣನ್ನು ನಡೆಸುತ್ತೆ. ಕೊನೆಗೆ ಚಿತ್ರ ನೋಡಿದಾಗ ಮನೆಯಲ್ಲಿದ್ದವರು ಬರೆಯುವ ಟಿಪ್ಪಣಿ, ಕೇಳಿ ಕಲ್ಪಿಸಿಕೊಂಡದ್ದಕ್ಕೂ ಕಂಡದ್ದಕ್ಕೂ ಇರುವ ವ್ಯತ್ಯಾಸದ ಬಗ್ಗೆ, ಎಷ್ಟೋ ಸಲ ಇಡೀ ಗುಂಪಿನಲ್ಲೇ ಒಳ್ಳೆಯ ಬರಹ ಆಗಿರುತ್ತದೆ.

ನಡೆಯಲು ಕಷ್ಟ ಇರುವವರ ವಿಷಯವನ್ನೂ ಇಲ್ಲೇ ಹೇಳುತ್ತೇನೆ. ಹಳೆಯ ಕಟ್ಟಡ ಅಂದರೆ ಮೆಟ್ಟಿಲು, ಕಲ್ಲುಹಾಸಿನ ಬೀದಿ. ಯಾವ ಜಾಗಕ್ಕೆ ಗಾಲಿಕುರ್ಚಿ ಹೋಗುತ್ತದೆ ಅಂತ ಉತ್ಸವದವರನ್ನು ಮೊದಲೇ ಕೇಳಿ, ಆ ಪಟ್ಟಿಯಿಂದಲೇ ಗುಂಪಿನ ಮೂರು ಪ್ರದರ್ಶನ ಆರಿಸಿ. ಉಳಿದವನ್ನು ನೋಡಬೇಕೆನ್ನುವವರು ತಮ್ಮ ಬಿಡುವಿನಲ್ಲಿ ನೋಡಲಿ.

ದೂರದವಳು
ಫೋನಿನ ಕ್ರಮ ನಮ್ಮ ಗುಂಪಿಗೂ ಹೇಳುತ್ತೇನೆ. ನನ್ನ ಜೊತೆಗಾರರಿಗೆ ಈಗಲೇ ಪ್ರಶ್ನೆ ಸಿದ್ಧ ಮಾಡಿಕೊಳ್ಳುವೆ. ಧನ್ಯವಾದ ಸಾರ್.

ಒಂಟಿ ನಡಿಗೆ
ನರ್ಸ್ ಹೇಳಿದ ಮಾತು ಓದಿದ ಮೇಲೆ ಗುಂಪಿನ ವಿರುದ್ಧ ನನ್ನ ವಾದ ಮೊದಲಿನಷ್ಟು ಗಟ್ಟಿ ಇಲ್ಲ, ಅದನ್ನು ಮನಸ್ಸಿನಿಂದ ಒಪ್ಪುತ್ತೇನೆ. ಒಂದು ಬೇಡಿಕೆ ಮಾತ್ರ ಬಿಡುವುದಿಲ್ಲ. ದಿನದ ಅರ್ಧವನ್ನು ಒಬ್ಬೊಬ್ಬರಿಗೇ ಬಿಟ್ಟುಕೊಡಿ. ಬೆಳಗ್ಗೆ ಗುಂಪು, ಮಧ್ಯಾಹ್ನದ ಮೇಲೆ ಒಂಟಿ. ಪಟ್ಟಿಯಲ್ಲಿ ಇಲ್ಲದ, ಯಾರೂ ಹೇಳದ ಯಾವುದೋ ಸಣ್ಣ ಕೋಣೆಯೊಳಗೆ ಹೋಗಿ ತಾನೇ ಒಬ್ಬ ಛಾಯಾಗ್ರಾಹಕನನ್ನು ಕಂಡುಕೊಳ್ಳುವುದು ಇದೆಯಲ್ಲ, ಆ ಋಣ ಜೀವಮಾನ ಇರುತ್ತೆ.

ಹೊರಗಣ್ಣು
ಇಷ್ಟು ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ. ಬೆಳಗ್ಗೆ ಗುಂಪು, ಆಮೇಲೆ ಅವರವರ ಪಾಡಿಗೆ ಅನ್ನುವುದು ನಮ್ಮಲ್ಲಿ ಎಲ್ಲರಿಗೂ ಒಪ್ಪಿಗೆಯಾಯಿತು. ಈಗ ಮುಂದಿನ ಜಗಳ ಯಾವ ಉತ್ಸವ ಅನ್ನುವುದು. ಕೆಲವರು ಪೋರ್ಟ್‌ಫೋಲಿಯೋ ರಿವ್ಯೂ, ಅಂದರೆ ನಮ್ಮ ಕೆಲಸವನ್ನು ಪರಿಣತರ ಮುಂದಿಟ್ಟು ಅಭಿಪ್ರಾಯ ಕೇಳುವ ಅವಕಾಶ, ಇರುವ ಕಡೆಗೇ ಹೋಗಬೇಕು ಅನ್ನುತ್ತಿದ್ದಾರೆ.

ಕತ್ತಲೆಕೋಣೆ
ಯಾವ ಉತ್ಸವ ಅನ್ನುವುದಕ್ಕಿಂತ ಯಾವ ವಾರ ಅನ್ನುವುದು ಮುಖ್ಯ ಅಂತ ನನ್ನ ಅನಿಸಿಕೆ. ಆರ್ಲ್ ಉತ್ಸವವನ್ನೇ ತೊಗೊಳ್ಳಿ. ಛಾಯಾಗ್ರಾಹಕ ಲೂಸಿಯನ್ ಕ್ಲೆರ್ಗ್, ಲೇಖಕ ಮಿಷೆಲ್ ಟೂರ್ನಿಯೆ, ಇತಿಹಾಸಕಾರ ಜಾನ್-ಮೋರಿಸ್ ರೂಕೆಟ್ ಸೇರಿ 1970ರಲ್ಲಿ ಶುರುಮಾಡಿದ್ದು. ಜುಲೈ ಮೊದಲಲ್ಲಿ ಆರಂಭದ ವಾರ ಅಂದರೆ ಜಾತ್ರೆ. ರೋಮನ್ನರ ಕಾಲದ ಬಯಲು ರಂಗಮಂದಿರದಲ್ಲಿ ರಾತ್ರಿ ದೊಡ್ಡ ಪರದೆಯ ಮೇಲೆ ಚಿತ್ರಪ್ರದರ್ಶನ, ಕಲಾವಿದರೇ ಬಂದು ಮಾತಾಡುವುದು, ರಿವ್ಯೂ, ಎಲ್ಲ ಆ ವಾರವೇ. ಆದರೆ ಪ್ರದರ್ಶನಗಳು ಸೆಪ್ಟೆಂಬರಿನವರೆಗೂ ಇರುತ್ತವೆ. ಗೋಡೆಯ ಮುಂದೆ ಎಂಟು ಜನ ನಿಂತು ಮಾತಾಡಬೇಕು ಅಂದರೆ ಕೊನೆಯ ವಾರಗಳೇ ಸರಿ.

ಫ್ರಾನ್ಸಿನದೇ ಪರ್ಪಿನ್ಯಾನಿನ ವೀಸಾ ಪೂರ್ ಲಿಮಾಜ್ ಉತ್ಸವ 1989ರಿಂದ ನಡೆಯುತ್ತಿದೆ, ಪೂರ್ತಿ ಫೋಟೋಜರ್ನಲಿಸಂ, ಪ್ರದರ್ಶನಗಳಿಗೆ ಪ್ರವೇಶ ಉಚಿತ. ಡಾಕ್ಯುಮೆಂಟರಿ ಓದುತ್ತಿರುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ಆದರೆ ಯುದ್ಧ, ಸಾವು, ನಿರಾಶ್ರಿತರು ಕೋಣೆಯ ಮೇಲೆ ಕೋಣೆ ಬರುತ್ತವೆ. ಮೊದಲೇ ಹೇಳಿ ಕರೆದುಕೊಂಡು ಹೋಗಬೇಕು, ಬೇಡ ಅನಿಸಿದವರು ಹೊರಗೆ ಬರಲು ಯಾರ ಅಪ್ಪಣೆಯೂ ಬೇಕಾಗಬಾರದು. ಢಾಕಾದ ಛೋಬಿ ಮೇಳ 2000ದಿಂದ ಇದೆ. ಅಲ್ಲಿನ ದೃಕ್ ಅನ್ನುವ ಫೋಟೋ ಸಂಸ್ಥೆ ಮತ್ತು ಪಾಠಶಾಲಾ ಅನ್ನುವ ಫೋಟೋಗ್ರಫಿ ಶಾಲೆಯ ಬೆಂಬಲದಿಂದ, ಛಾಯಾಗ್ರಾಹಕ ಶಾಹಿದುಲ್ ಆಲಂ ಮುಂದಾಳತ್ವದಲ್ಲಿ ಬೆಳೆದದ್ದು. ಯೂರೋಪಿನವರು ಹೊರಗಿನಿಂದ ಬಂದು ತೆಗೆದ ಏಷ್ಯಾವನ್ನೇ ನೋಡಿಕೊಂಡು ಬಂದ ಕಣ್ಣಿಗೆ ಅಲ್ಲಿ ಬೇರೆಯದೇ ಇತಿಹಾಸ ಸಿಗುತ್ತೆ. ಚೆನ್ನೈ ಫೋಟೋ ಬಿಯನಾಲೆ (ಎರಡು ವರ್ಷಕ್ಕೊಮ್ಮೆಯ ಉತ್ಸವ) 2016ರಲ್ಲಿ ಶುರುವಾದದ್ದು, 2019ರ ಆವೃತ್ತಿಗೆ ಕ್ಯುರೇಟರ್, ಅಂದರೆ ಯಾವ ಕೆಲಸ ಇರಬೇಕು ಅಂತ ಆರಿಸಿ ಜೋಡಿಸುವವರು, ಆಗಿದ್ದವರು ಕಲಾವಿದೆ ಪುಷ್ಪಮಾಲಾ ಎನ್. ಕಲಾವಿದರೇ ಕ್ಯುರೇಟ್ ಮಾಡಿದ ಉತ್ಸವಕ್ಕೂ ಸಂಸ್ಥೆಯ ಕ್ಯುರೇಟರ್ ಮಾಡಿದ್ದಕ್ಕೂ ಏನು ವ್ಯತ್ಯಾಸ ಅನ್ನುವುದೇ ಒಂದು ಪ್ರಬಂಧದ ವಿಷಯ ಆಗಬಹುದು.

ಮೂರನೇ ಬೆಂಚು
ರಿವ್ಯೂ ಬಗ್ಗೆ ನನ್ನದೊಂದು ಖಚಿತ ಅಭಿಪ್ರಾಯ ಇದೆ. ಅಮೆರಿಕದ ಹೂಸ್ಟನ್ನಿನ ಫೋಟೋಫೆಸ್ಟ್ 1986ರ ಮೊದಲ ಬಿಯನಾಲೆಯಿಂದಲೂ ಛಾಯಾಗ್ರಾಹಕರನ್ನು, ಕ್ಯುರೇಟರುಗಳನ್ನು ಎದುರುಬದುರು ಕೂರಿಸುವ ಪದ್ಧತಿಯನ್ನು ಬೆಳೆಸಿತು, ಇವತ್ತು ಬಹಳಷ್ಟು ಉತ್ಸವಗಳಲ್ಲಿ ಅದು ಇದೆ. ಒಬ್ಬರ ಮುಂದೆ ಕೂರಲು ಸಿಗುವುದು ಸಾಮಾನ್ಯವಾಗಿ ಇಪ್ಪತ್ತು ನಿಮಿಷ, ಬಹಳ ಕಡೆ ಅದಕ್ಕೆ ಶುಲ್ಕ ಬೇರೆ. ಒಂದು ಕೆಲಸ ಮುಗಿಸಿ, ಅದಕ್ಕೆ ಪ್ರಕಾಶಕರನ್ನೋ ಗ್ಯಾಲರಿಯನ್ನೋ ಹುಡುಕುತ್ತಿರುವವರಿಗೆ ಅದು ಬೆಲೆಬಾಳುವಂಥದ್ದು. ಇನ್ನೂ ಹುಡುಕಾಟದಲ್ಲಿರುವ ಮೊದಲೆರಡು ವರ್ಷದವರು ಅಲ್ಲಿ ಕೂತರೆ ಐದು ಜನರಿಂದ ಐದು ದಿಕ್ಕಿನ ಸಲಹೆ ಹೊತ್ತುಕೊಂಡು ಗೊಂದಲದಲ್ಲಿ ಬರುತ್ತಾರೆ.

ಅದರ ಬದಲು ಹೀಗೆ ಮಾಡಿ. ಪ್ರತಿಯೊಬ್ಬರೂ ತಮ್ಮ ಕೆಲಸದ ಹತ್ತು ಸಣ್ಣ ಪ್ರಿಂಟ್ ತನ್ನಿ, ಅಂಗಡಿಯಲ್ಲಿ ಹಾಕಿಸಿದ ಅಂಗೈ ಅಗಲದವು ಸಾಕು. ಒಂದು ಸಂಜೆ ದೊಡ್ಡ ಮೇಜು ಹಿಡಿದು ಎಲ್ಲ ಹರಡಿ. ಬೆಳಗ್ಗೆ ಬೇರೆಯವರ ಚಿತ್ರವನ್ನು ತಾಳ್ಮೆಯಿಂದ ನೋಡಿದ ಕಣ್ಣು ಸಂಜೆ ಗೆಳೆಯರ ಚಿತ್ರವನ್ನೂ ಹಾಗೇ ನೋಡುತ್ತೆ. ನಿಮ್ಮ ಹತ್ತರ ಕ್ರಮವನ್ನು ಬೇರೆಯವರು ಬದಲಿಸಲಿ, ನೀವು ಸುಮ್ಮನೆ ನೋಡಿ. ಪರದೆಯಲ್ಲಿ ಎಷ್ಟು ಸಲ ಹಂಚಿಕೊಂಡಿದ್ದರೂ ಪ್ರಿಂಟ್ ಕೈಯಿಂದ ಕೈಗೆ ಹೋಗುವಾಗ ಬರುವ ಮಾತೇ ಬೇರೆ.

ಹೊರಗಣ್ಣು
ಮೇಜಿನ ಸಂಜೆ ಖಂಡಿತ ಮಾಡುತ್ತೇವೆ. ಕೊನೆಯದಾಗಿ ಒಂದು ಸಣ್ಣ ಪ್ರಶ್ನೆ. ಪ್ರದರ್ಶನದೊಳಗೆ ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಬಹುದಾ? ಕಲಿಕಾ ದಿನಚರಿಗೆ ಹಾಕಬೇಕು.

ಗೋಡೆಮೊಳೆ
ಬಾಗಿಲಲ್ಲಿ ಕೂತವರನ್ನು ಕೇಳಿ, ಜಾಗದಿಂದ ಜಾಗಕ್ಕೆ ನಿಯಮ ಬೇರೆ. ಬಿಟ್ಟರೂ ಫ್ಲ್ಯಾಶ್ ಬೇಡ. ಒಂದೊಂದೇ ಚಿತ್ರ ತೆಗೆಯುವುದರಲ್ಲಿ ಲಾಭ ಕಡಿಮೆ, ಅದಕ್ಕಿಂತ ಚೆನ್ನಾಗಿರುವುದು ಕಲಾವಿದರ ಜಾಲತಾಣದಲ್ಲೇ ಇರುತ್ತೆ. ದೂರ ನಿಂತು ಇಡೀ ಗೋಡೆ ತೆಗೆಯಿರಿ, ಒಬ್ಬ ಗೆಳೆಯ ಚಿತ್ರದ ಪಕ್ಕ ನಿಂತಿರಲಿ, ಅಳತೆ ಗೊತ್ತಾಗುತ್ತೆ. ಆಮೇಲೆ ಪಕ್ಕದ ಚೀಟಿ ತೆಗೆಯಿರಿ: ಕಲಾವಿದರ ಹೆಸರು, ವರ್ಷ, ಯಾವ ಬಗೆಯ ಪ್ರಿಂಟ್, ಅಳತೆ, ಯಾರ ಸಂಗ್ರಹದಿಂದ ಬಂದದ್ದು. ತೆಗೆದ ವರ್ಷ ಒಂದು, ಪ್ರಿಂಟ್ ಹಾಕಿದ ವರ್ಷ ಇನ್ನೊಂದು ಅಂತ ಚೀಟಿಯಲ್ಲಿದ್ದರೆ ಅದನ್ನು ನಿಮ್ಮ ಟ್ಯೂಟರಿಗೆ ತೋರಿಸಿ ಯಾಕೆ ಅಂತ ಕೇಳಿ, ಮೂವತ್ತು ವರ್ಷದ ಅಂತರ ಇರುವುದನ್ನೂ ನಾನು ತೂಗುಹಾಕಿದ್ದೇನೆ.